ಕಾಲು ಬಿಡಿ, ಹೊಟ್ಟೆ ಎಷ್ಟು ಕೆಲಸ ಮಾಡುತ್ತೆ?

ವೀಲ್‌ಚೇರ್‌ನಲ್ಲಿ ಕೂತು ಟೇಬಲ್ ಟೆನಿಸ್ ಆಡುತ್ತೇನೆ ಅಂದರೆ ಜನ ಮೊದಲು ಕೇಳುವುದು, "ಟೇಬಲ್ ಸ್ವಲ್ಪ ಕೆಳಗೆ ಇಳಿಸ್ತಾರಾ?" ಅಂತ. ಇಲ್ಲ. ಅದೇ 76 ಸೆಂಟಿಮೀಟರ್ ಎತ್ತರ, ಅದೇ 2.74 ಮೀಟರ್ ಉದ್ದ, ನೆಟ್ ಕೂಡ ಅದೇ 15.25 ಸೆಂಟಿಮೀಟರ್. ಚೆಂಡು ಅದೇ, 11 ಪಾಯಿಂಟಿನ ಗೇಮೂ ಅದೇ. ಟೇಬಲ್ಲಿನ ಕಾಲು ಮಾತ್ರ ಅಂಚಿನಿಂದ 40 ಸೆಂಟಿಮೀಟರ್ ಆದರೂ ಒಳಗಿರಬೇಕು. ಇಲ್ಲದಿದ್ದರೆ ನಮ್ಮ ಮೊಣಕಾಲು, ಫುಟ್‌ರೆಸ್ಟ್ ಹೋಗಿ ಅದಕ್ಕೆ ಬಡಿಯುತ್ತವೆ.

ಎರಡನೇ ಪ್ರಶ್ನೆ, "ಕಾಲು ಪೂರ್ತಿ ಹೋಗಿದೆಯಾ?" ಹೌದು, ಹೋಗಿದೆ. ಆದರೆ ಕೂತು ಆಡುವವರ ಆಟದಲ್ಲಿ ಕಾಲಿನ ಬಗ್ಗೆ ಯಾರಿಗೂ ಅಷ್ಟು ಕುತೂಹಲ ಇಲ್ಲ. ಎದುರಾಳಿ, ಕೋಚ್, ಅಂಪೈರ್, ನಮ್ಮನ್ನು ಪರೀಕ್ಷೆ ಮಾಡಿ ತೊಂದರೆ ಎಷ್ಟಿದೆ ಅಂತ ನೋಡಿ ಕ್ಲಾಸ್ (ಆಡಬೇಕಾದ ಗುಂಪು) ಕೊಡುವವರು, ಇವರೆಲ್ಲ ನೋಡುವುದು ನಮ್ಮ ಎದೆಯಿಂದ ಸೊಂಟದವರೆಗಿನ ಭಾಗವನ್ನು. ಅದು ನನಗೆ ಅರ್ಥವಾದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ತೀರ್ಥಹಳ್ಳಿ ಕಡೆ. ತೋಟ ಚಿಕ್ಕದು. ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲೇಬೇಕು, ಇಲ್ಲದಿದ್ದರೆ ಕೊಳೆರೋಗ ಬಂದು ಕಾಯೆಲ್ಲ ಉದುರುತ್ತದೆ. ಮರ ಹತ್ತುವವರು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟ. ಆ ಸಲ ನಾನೇ ಹತ್ತಿದೆ. ಬಿದ್ದದ್ದರ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ, ಮಲೆನಾಡಿನಲ್ಲಿ ಊರಿಗೊಂದು ಇಂಥ ಕತೆ ಇದ್ದೇ ಇದೆ. ಬೆನ್ನುಮೂಳೆ ಡಿ8 (ಎದೆಭಾಗದ ಎಂಟನೇ ಮೂಳೆ) ಹತ್ತಿರ ಮುರಿಯಿತು. ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲಿನವರೆಗೆ ಮುಟ್ಟಿದ್ದು ಗೊತ್ತಾಗುತ್ತದೆ, ಅಲ್ಲಿಂದ ಕೆಳಗೆ ಇಲ್ಲ.

ಆಪರೇಷನ್ ಆದ ಮೇಲೆ ಬೆಂಗಳೂರಿನ ಒಂದು ಪುನರ್ವಸತಿ ಕೇಂದ್ರಕ್ಕೆ ಕಳಿಸಿದರು. ಕೂರುವುದು ಕೂಡ ಒಂದು ಕೆಲಸ ಅಂತ ತಿಳಿದದ್ದು ಅಲ್ಲಿ. ಮಂಚದ ಅಂಚಿನಲ್ಲಿ ಕೂರಿಸಿ, "ಈಗ ಎರಡೂ ಕೈ ಮೇಲೆ ಎತ್ತಿ" ಅನ್ನುತ್ತಿದ್ದರು ಫಿಸಿಯೋ ಮೇಡಂ. ಕೈ ಎತ್ತಿದ ತಕ್ಷಣ ನಾನು ಮುಂದಕ್ಕೆ ಮಡಚಿಕೊಂಡು ಬೀಳುತ್ತಿದ್ದೆ. ಹಿಡಿಯಲು ಅವರು ಎದುರಿಗೇ ನಿಂತಿರುತ್ತಿದ್ದರು. ಹಾಲಿನ ಮೂಲೆಯಲ್ಲಿ ಹಳೆಯ ಟಿಟಿ ಟೇಬಲ್ ಇತ್ತು. ಒಂದು ಕಾಲಿಗೆ ಇಟ್ಟಿಗೆ ಚೂರು ಕೊಟ್ಟಿದ್ದರು. ಸಂಜೆ ಅಲ್ಲಿ ಬಳ್ಳಾರಿ ಕಡೆಯ ಒಬ್ಬರು ಆಡುತ್ತಿದ್ದರು, ಎಲ್ಲರಿಗೂ ಅವರು ಅಣ್ಣ. ಕುತ್ತಿಗೆ ಹತ್ತಿರ ಪೆಟ್ಟಾಗಿದ್ದರಿಂದ ಅವರ ಬೆರಳು ಮಡಚುವುದಿಲ್ಲ. ಬ್ಯಾಟನ್ನು ಕ್ರೇಪ್ ಬ್ಯಾಂಡೇಜಿನಿಂದ ಕೈಗೆ ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಎಳೆದು ಕಟ್ಟಿಕೊಳ್ಳುತ್ತಿದ್ದರು.

"ಏ ತಮ್ಮಾ, ಸುಮ್ನ ಕುಂತೀಯಲ್ಲ, ಬಾ ಇಲ್ಲಿ" ಅಂದರು ಒಂದು ದಿನ.

ನನ್ನ ಕೈ ಗಟ್ಟಿ, ಬೆರಳು ಸರಿ ಇವೆ. ಶಾಲೆಯಲ್ಲಿ ಶಟಲ್ ಆಡಿದವನು. ಅವರ ಮುಂದೆ ಎರಡೋ ಮೂರೋ ಪಾಯಿಂಟ್ ಬಂದದ್ದೇ ಹೆಚ್ಚು. ಜೋರಾಗಿ ಹೊಡೆಯುವುದೇ ಇಲ್ಲ ಆ ಮನುಷ್ಯ. ಒಂದು ಚೆಂಡನ್ನು ನನ್ನ ಮೊಣಕೈಗೇ ಬರುವ ಹಾಗೆ ಉದ್ದಕ್ಕೆ ತಳ್ಳುವುದು, ಮುಂದಿನದನ್ನು ನೆಟ್ ಪಕ್ಕದಲ್ಲಿ ಮೆತ್ತಗೆ ಇಳಿಸುವುದು. ನಾನು ಬಾಗಿ ಹೇಗೋ ಮುಟ್ಟಿದರೆ, ಇನ್ನೂ ನೆಟ್ಟಗಾಗುವ ಮೊದಲೇ ಚೆಂಡು ತಲೆ ಮೇಲೆ ಹಾದು ಹೋಗಿರುತ್ತಿತ್ತು. ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. "ನಾ ಚೆಂಡು ನೋಡಂಗಿಲ್ಲ. ನೀ ಬಾಗಿದ ಮ್ಯಾಲೆ ವಾಪಸ್ ಏಳಾಕ ಎಷ್ಟೊತ್ತು ಬೇಕು ಅಂತ ನೋಡಾಕತ್ತೀನಿ" ಅಂದರು. ಈ ಆಟದ ಬಗ್ಗೆ ಆಮೇಲೆ ಯಾವ ಕೋಚ್ ಹೇಳಿಕೊಟ್ಟದ್ದೂ ಇದರಷ್ಟು ಕೆಲಸಕ್ಕೆ ಬಂದಿಲ್ಲ.

ಡಿಸ್ಚಾರ್ಜ್ ಆದ ಮೇಲೂ ಬೆಂಗಳೂರಿನಲ್ಲೇ ಉಳಿದೆ, ಡೇಟಾ ಎಂಟ್ರಿ ಕೆಲಸ ಸಿಕ್ಕಿತ್ತು. ಆಡಲು ಜಾಗ ಹುಡುಕಿದ್ದು ಬೇರೆಯದೇ ಕತೆ. ಒಂದು ಕ್ಲಬ್ಬಿನಲ್ಲಿ ಟೇಬಲ್ ಇದ್ದದ್ದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. "ನಾಲ್ಕು ಜನ ಎತ್ಕೊಂಡು ಹೋಗ್ತೀವಿ ಸರ್, ಏನೂ ತೊಂದ್ರೆ ಇಲ್ಲ" ಅಂದರು. ದಿನಾ ನಾಲ್ಕು ಜನ ಎಲ್ಲಿಂದ ಬರಬೇಕು? ಇನ್ನೊಂದು ಕಡೆ ಚಕ್ರದಿಂದ ಮರದ ನೆಲ ಗೀರು ಬೀಳುತ್ತದೆ ಅಂದರು. ಮಾಲತಿ ಹೊಳ್ಳರಂಥ ವೀಲ್‌ಚೇರ್ ಕ್ರೀಡಾಪಟುವಿನ ಊರಿದು. ಅವರಿಗೆ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎರಡೂ ಬಂದಿವೆ. ಆದರೂ ಹಾಲ್ ಬಾಗಿಲಲ್ಲಿ ಎರಡು ಮೆಟ್ಟಿಲು ಕಟ್ಟುವ ಚಟ ಮಾತ್ರ ಈ ಊರಿಗೆ ಹೋಗಿಲ್ಲ. ಕೊನೆಗೆ ನೆಲಮಹಡಿಯಲ್ಲಿ ಆಡಿಸುವ ಒಬ್ಬ ಕೋಚ್ ಸಿಕ್ಕರು. ಅವರು ಅದುವರೆಗೆ ನಿಂತು ಆಡುವವರಿಗಷ್ಟೇ ಕಲಿಸಿದವರು, ಹಾಗಾಗಿ ರೂಲ್ ಪುಸ್ತಕವನ್ನು ಇಬ್ಬರೂ ಒಟ್ಟಿಗೆ ಓದಿದೆವು.

ಮೊದಲು ಗಾಡಿ. ಆಸ್ಪತ್ರೆಯ ಮಡಚುವ ವೀಲ್‌ಚೇರ್‌ನ ಆರ್ಮ್‌ರೆಸ್ಟಿಗೆ ನನ್ನ ಫೋರ್‌ಹ್ಯಾಂಡ್ ಪ್ರತಿ ಸಲ ಬಡಿಯುತ್ತಿತ್ತು, ಅದನ್ನು ಬಿಚ್ಚಿಸಿದೆವು. ಸೀಟು ಕೆಳಗಿದ್ದರೆ ನೆಟ್ ನನ್ನ ಎದೆಯ ಹತ್ತಿರ ಬಂದಂತೆ ಕಾಣುತ್ತದೆ, ಚೆಂಡನ್ನು ಮೇಲಿನಿಂದ ಹೊಡೆಯಲು ಆಗುವುದಿಲ್ಲ. ಅದಕ್ಕೆ ಕುಷನ್. ಎರಡು ಕುಷನ್‌ವರೆಗೆ ಹಾಕಿಕೊಳ್ಳಬಹುದು, ಒಟ್ಟು ದಪ್ಪ 15 ಸೆಂಟಿಮೀಟರ್ ದಾಟಬಾರದು. ಎತ್ತರ ಕೂತಷ್ಟೂ ಕೈಗೆ ಅನುಕೂಲ, ಆದರೆ ಎತ್ತರ ಕೂತಷ್ಟೂ ಬೀಳುವುದೂ ಸುಲಭ. ಹತ್ತು ಸೆಂಟಿಮೀಟರಿನ ಫೋಮ್ ಹಾಕಿ ನೋಡಿದಾಗ ಒಳ್ಳೆ ಹೊಡೆತಗಳು ಬಂದವು, ನಾನೂ ಎರಡು ಸಲ ಪಕ್ಕಕ್ಕೆ ಉರುಳಿದೆ. ಈಗ ಅದಕ್ಕಿಂತ ಕಡಿಮೆ. ಇನ್ನೊಂದು ವಿಷಯ, ಅಡಿಯಲ್ಲಿ ಸ್ಪರ್ಶ ಇಲ್ಲದವರಿಗೆ ಕುಷನ್ ಅಂದರೆ ಆಟದ ಸಾಮಾನಷ್ಟೇ ಅಲ್ಲ. ಒಂದೇ ಕಡೆ ಭಾರ ಬಿದ್ದರೆ ಚರ್ಮ ಒಳಗಿನಿಂದ ಕೊಳೆತು ಹುಣ್ಣಾಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಗೇಮಿನ ನಡುವೆ ಎಲ್ಲರೂ ನೀರು ಕುಡಿಯುವಾಗ ನಾನು ಚಕ್ರದ ಮೇಲೆ ಕೈಯೂರಿ ಮೈ ಎತ್ತಿ ಹಿಡಿದಿರುತ್ತೇನೆ.

ಬೀಳುವುದಕ್ಕೆ ನಾನು ಕಂಡುಕೊಂಡ ಪರಿಹಾರ ಬೆಲ್ಟ್. ಎದೆಯ ಕೆಳಗೆ ಅಗಲದ ಬೆಲ್ಟ್ ಹಾಕಿ ಗಾಡಿಯ ಬೆನ್ನಿಗೆ ಕಟ್ಟಿಕೊಂಡರೆ ನಾನು ಬೇರೆಯೇ ಆಟಗಾರ. ಎರಡೂ ಕೈ ಸ್ವತಂತ್ರ, ಸ್ಮ್ಯಾಶ್ ಕೂಡ ಬರುತ್ತಿತ್ತು. ಒಂದು ದಿನ ಕೋಚ್ ರೂಲ್ ಪುಸ್ತಕ ಹಿಡಿದುಕೊಂಡು ಬಂದು, "ಬೆಲ್ಟ್ ಬಿಚ್ಚಿ" ಅಂದರು. ಮೊಣಕಾಲಿನಿಂದ ಮೇಲೆ ಮೈಯ ಯಾವ ಭಾಗವನ್ನೂ ಗಾಡಿಗೆ ಕಟ್ಟುವಂತಿಲ್ಲ, ಅದರಿಂದ ಬ್ಯಾಲೆನ್ಸ್ ಹೆಚ್ಚುತ್ತದೆ. ವೈದ್ಯಕೀಯ ಕಾರಣಕ್ಕೆ ಬೇಕೇ ಬೇಕು ಅಂದರೆ ಕ್ಲಾಸಿಫಿಕೇಶನ್ ಕಾರ್ಡಿನಲ್ಲಿ ಬರೆಸಬೇಕು, ಕ್ಲಾಸ್ ಕೊಡುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪಾದ ಮತ್ತು ಕಣಕಾಲು ಕಟ್ಟಬಹುದು, ಕಟ್ಟಿದರೆ ಒಳ್ಳೆಯದು ಕೂಡ. ಯಾಕೆಂದರೆ ರ‍್ಯಾಲಿ ನಡೆಯುವಾಗ ಕಾಲು ಜಾರಿ ನೆಲಕ್ಕೆ ತಾಗಿದರೆ ಪಾಯಿಂಟ್ ಹೋಯಿತು. ಹೊಡೆಯುವಾಗ ತೊಡೆಯ ಹಿಂಭಾಗ ಸೀಟಿನಿಂದ ಮೇಲೇಳಬಾರದು ಅಂತಲೂ ಇದೆ. ನನಗೆ ಅದನ್ನು ಮುರಿಯುವ ಶಕ್ತಿಯೇ ಇಲ್ಲ ಬಿಡಿ.

ಬೆಲ್ಟ್ ಹೋದ ಮೇಲೆ ಸರ್ವ್ ಮಾಡುವುದೇ ಸರ್ಕಸ್ ಆಯಿತು. ನಿಂತು ಆಡುವವರಿಗೆ ಇದು ಹೊಳೆಯುವುದಿಲ್ಲ. ಆಟದ ಪೂರ್ತಿ ನನ್ನ ಎಡಗೈ ಚಕ್ರವನ್ನೋ ಗಾಡಿಯ ಅಂಚನ್ನೋ ಹಿಡಿದಿರುತ್ತದೆ, ನನ್ನನ್ನು ನೆಟ್ಟಗೆ ನಿಲ್ಲಿಸಿರುವುದೇ ಆ ಕೈ. ಸರ್ವ್ ಮಾಡುವಾಗ ಅದೇ ಕೈ ಬಿಚ್ಚಿ, ಅಂಗೈ ಮೇಲೆ ಚೆಂಡಿಟ್ಟು, 16 ಸೆಂಟಿಮೀಟರ್ ಆದರೂ ಮೇಲಕ್ಕೆ ಹಾರಿಸಬೇಕು. ಅಂದರೆ ಪ್ರತಿ ಸರ್ವ್‌ನಲ್ಲಿ ಒಂದು ಕ್ಷಣ ನನ್ನನ್ನು ಹಿಡಿದವರು ಯಾರೂ ಇಲ್ಲ. ಕೈಯಲ್ಲಿ ಆ ಮಟ್ಟಿಗೆ ತೊಂದರೆ ಇರುವವರಿಗೆ ಅಂಪೈರ್ ಈ ನಿಯಮ ಸಡಿಲಿಸಬಹುದು. ಬಳ್ಳಾರಿ ಅಣ್ಣನಿಗೆ ಅದು ಸಿಗುತ್ತದೆ, ನನಗೆ ಸಿಗುವುದಿಲ್ಲ. ಬೆನ್ನನ್ನು ಹಿಂದಕ್ಕೆ ಒರಗಿಸಿ, ಗದ್ದವನ್ನು ಸ್ವಲ್ಪ ಒಳಗೆ ಎಳೆದು, ಚೆಂಡು ಮೇಲೆ ಹೋಗುವಾಗಲೇ ಎಡಗೈ ಮತ್ತೆ ಚಕ್ರಕ್ಕೆ ಬರುವ ಹಾಗೆ ಕಲಿತೆ. ಎಷ್ಟೋ ಸಂಜೆ ಬ್ಯಾಟನ್ನೇ ಮುಟ್ಟದೆ ಬರೀ ಚೆಂಡು ಹಾರಿಸುವುದು, ಚಕ್ರ ಹಿಡಿಯುವುದು, ಇಷ್ಟೇ.

ಸರ್ವ್‌ಗೆ ನಮ್ಮಲ್ಲಿ ಇನ್ನೊಂದು ನಿಯಮ ಇದೆ. ಸಿಂಗಲ್ಸ್‌ನಲ್ಲಿ ಸರ್ವ್ ಆದ ಚೆಂಡು ಎದುರಿನವರ ಕಡೆ ಬಿದ್ದು ಪಕ್ಕದ ಅಂಚಿನಿಂದ ಹೊರಗೆ ಹೋದರೆ ಲೆಟ್, ಅಂದರೆ ಪಾಯಿಂಟ್ ಯಾರಿಗೂ ಇಲ್ಲ, ಮತ್ತೆ ಸರ್ವ್ ಮಾಡಬೇಕು. ಬಿದ್ದು ನೆಟ್ ಕಡೆಗೆ ವಾಪಸ್ ಉರುಳಿದರೂ ಲೆಟ್, ಅಲ್ಲೇ ನಿಂತರೂ ಲೆಟ್. ಕೂತವರಿಗೆ ಅಂಥ ಚೆಂಡು ಸಿಗುವುದೇ ಇಲ್ಲ, ಆಟ ಸರ್ವ್‌ನಲ್ಲೇ ಮುಗಿದುಹೋಗುತ್ತದೆ ಅಂತ ಈ ಏರ್ಪಾಡು. ಆದರೆ ಇದು ಸರ್ವ್‌ಗೆ ಮಾತ್ರ. ರ‍್ಯಾಲಿ ಶುರುವಾದ ಮೇಲೆ ಪಕ್ಕಕ್ಕೆ ಎಷ್ಟು ಬೇಕಾದರೂ ಎಳೆಯಿರಿ, ನೆಟ್ ಪಕ್ಕದಲ್ಲಿ ಎಷ್ಟು ಮೆತ್ತಗೆ ಬೇಕಾದರೂ ಇಳಿಸಿ, ಕೇಳುವವರಿಲ್ಲ. ಹಾಗಾಗಿ ವೀಲ್‌ಚೇರ್ ಆಟದಲ್ಲಿ ಸರ್ವ್‌ಗಿಂತ ಮೂರನೇ ಚೆಂಡು, ಅಂದರೆ ಸರ್ವ್ ವಾಪಸ್ ಬಂದ ಮೇಲೆ ಸರ್ವ್ ಮಾಡಿದವರು ಹೊಡೆಯುವುದು, ಜಾಸ್ತಿ ಅಪಾಯ. ನಿಂತು ಆಡುವವರು ಟೇಬಲ್ಲಿನಿಂದ ಹಿಂದೆ ಸರಿದು ಲೂಪ್ (ಜೋರು ಸ್ಪಿನ್ ಹಾಕಿದ ಹೊಡೆತ) ಹೊಡೆಯುವುದನ್ನು ಟಿವಿಯಲ್ಲಿ ನೋಡುತ್ತೀರಲ್ಲ, ನಮ್ಮಲ್ಲಿ ಅದು ಕಡಿಮೆ. ಟೇಬಲ್ಲಿಗೆ ಅಂಟಿಕೊಂಡೇ ಇರುತ್ತೇವೆ. ಬ್ಯಾಟಿನ ಒಂದು ಬದಿಗೆ ಉದ್ದ ಪಿಂಪಲ್ಸ್ (ಮೊಳೆಯಂಥ ಸಣ್ಣ ಉಬ್ಬುಗಳು) ಇರುವ ರಬ್ಬರ್ ಹಾಕಿಕೊಂಡು, ಎದುರಿನವರು ಕೊಟ್ಟ ಸ್ಪಿನ್ನನ್ನು ಅವರಿಗೇ ತಿರುಗಿಸಿ ಕೊಡುವುದು ಇಲ್ಲಿ ತುಂಬ ನಡೆಯುತ್ತದೆ. ನಾನೂ ಅದನ್ನೇ ಮಾಡುತ್ತೇನೆ.

2021ರ ಆಗಸ್ಟ್‌ನಲ್ಲಿ ಟೋಕಿಯೋ ಪ್ಯಾರಾಲಿಂಪಿಕ್ಸ್ ನಡೆಯುವಾಗ ಹಾಲಿನಲ್ಲಿ ಎಲ್ಲರ ಕೈಯಲ್ಲೂ ಫೋನ್. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಸುಂಢಿಯಾ ಅನ್ನುವ ಹಳ್ಳಿಯ ಭಾವಿನಾ ಪಟೇಲ್ ಆಡುತ್ತಿದ್ದರು. ಒಂದು ವರ್ಷದ ಮಗುವಾಗಿದ್ದಾಗ ಪೋಲಿಯೋ. ಅಹಮದಾಬಾದಿನ ಬ್ಲೈಂಡ್ ಪೀಪಲ್ಸ್ ಅಸೋಸಿಯೇಷನ್‌ಗೆ ಓದಲು ಬಂದಾಗ ಮೈ ಚುರುಕಾಗಿರಲಿ ಅಂತ ಬ್ಯಾಟ್ ಹಿಡಿದವರು. ಟೋಕಿಯೋಗೆ ಹೋದಾಗ ವಿಶ್ವ ರ‍್ಯಾಂಕಿಂಗ್‌ನಲ್ಲಿ 12ನೆಯವರು. ಗುಂಪು ಹಂತದ ಮೊದಲ ಪಂದ್ಯವನ್ನು ಚೀನಾದ ಜೋ ಯಿಂಗ್‌ಗೆ ಸೋತರು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಆಮೇಲೆ ಕ್ವಾರ್ಟರ್‌ಫೈನಲ್‌ನಲ್ಲಿ ರಿಯೋದ ಚಿನ್ನ ಗೆದ್ದಿದ್ದ ಸರ್ಬಿಯಾದ ಪೆರಿಚ್ ರಾಂಕೋವಿಚ್ ಅವರನ್ನು ನೇರ ಗೇಮ್‌ಗಳಲ್ಲಿ, ಸೆಮಿಫೈನಲ್‌ನಲ್ಲಿ ಚೀನಾದ ಜಾಂಗ್ ಮಿಯಾವೋ ಅವರನ್ನು 3-2ರಲ್ಲಿ ಸೋಲಿಸಿದರು. ಆಗಸ್ಟ್ 29ರ ಫೈನಲ್‌ನಲ್ಲಿ ಎದುರಿಗೆ ಮತ್ತೆ ಅದೇ ಜೋ ಯಿಂಗ್. 11-7, 11-5, 11-6. ಸೋತರೂ ಬೆಳ್ಳಿ, ಪ್ಯಾರಾಲಿಂಪಿಕ್ಸ್ ಟೇಬಲ್ ಟೆನಿಸ್‌ನಲ್ಲಿ ಭಾರತಕ್ಕೆ ಮೊದಲ ಪದಕ. ಮರುವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಚಿನ್ನ ಬಂತು. 2024ರ ಪ್ಯಾರಿಸ್‌ನಲ್ಲಿ ಕ್ವಾರ್ಟರ್‌ಫೈನಲ್‌ವರೆಗೆ ಹೋಗಿ ಸೋತದ್ದು ಮತ್ತೆ ಜೋ ಯಿಂಗ್‌ಗೇ. ಒಬ್ಬ ಆಟಗಾರ್ತಿ ಇನ್ನೊಬ್ಬಳ ದಾರಿಗೆ ಇಷ್ಟು ಸಲ ಅಡ್ಡ ಬರುವುದು ನೋಡಿ ನನಗೆ ಸಿಟ್ಟೇ ಬಂದಿತ್ತು.

ಆ ಪಂದ್ಯಗಳಲ್ಲಿ ನಾನು ಹುಡುಕಿದ್ದು ಅವರ ಎಡಗೈ ಎಲ್ಲಿದೆ ಅಂತ. ಭಾವಿನಾ ಅವರದ್ದು 4ನೇ ಕ್ಲಾಸ್. ಪ್ಯಾರಾ ಟೇಬಲ್ ಟೆನಿಸ್‌ನಲ್ಲಿ 1ರಿಂದ 5 ಕೂತು ಆಡುವವರಿಗೆ, 6ರಿಂದ 10 ನಿಂತು ಆಡುವವರಿಗೆ, 11 ಬುದ್ಧಿಮಾಂದ್ಯತೆ ಇರುವವರಿಗೆ. ಸಂಖ್ಯೆ ಚಿಕ್ಕದಾದಷ್ಟೂ ತೊಂದರೆ ಜಾಸ್ತಿ. 1 ಮತ್ತು 2ರಲ್ಲಿ ಆಡುವ ಕೈಗೂ ಶಕ್ತಿ ಕಡಿಮೆ. 3ರಲ್ಲಿ ಕೈ ಹೆಚ್ಚುಕಡಿಮೆ ಸರಿ, ಆದರೆ ಕೂತಾಗ ಬ್ಯಾಲೆನ್ಸ್ ಇಲ್ಲ. 4ರಲ್ಲಿ ಬ್ಯಾಲೆನ್ಸ್ ಇದೆ, ಸೊಂಟದ ಬುಡ ಗಟ್ಟಿ ಇಲ್ಲ. 5ರಲ್ಲಿ ಹೊಟ್ಟೆ, ಬೆನ್ನು ಎಲ್ಲ ಸರಿಯಾಗಿ ಕೆಲಸ ಮಾಡುತ್ತವೆ. ನನ್ನ ಡಿ8 ಸರಿಯಾಗಿ 3 ಮತ್ತು 4ರ ಗಡಿಯಲ್ಲಿ ಬರುತ್ತದೆ. ಸರ್ಕಾರಿ ಅಂಗವಿಕಲ ಸರ್ಟಿಫಿಕೇಟಿನಲ್ಲಿರುವ ಶೇಕಡಾ ಇಲ್ಲಿ ಲೆಕ್ಕಕ್ಕಿಲ್ಲ.

ನನ್ನ ಕ್ಲಾಸಿಫಿಕೇಶನ್ ಆದದ್ದು ಬೇರೆ ರಾಜ್ಯದಲ್ಲಿ, ಒಂದು ರಾಷ್ಟ್ರಮಟ್ಟದ ಟೂರ್ನಿಯ ಹಿಂದಿನ ದಿನ. ಸ್ಟೇಡಿಯಂ ಪಕ್ಕದ ಕಾರಿಡಾರಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಅಲ್ಲಿನ ಮಾತೆಲ್ಲ ಅದೇ, ಯಾರಿಗೆ ಎಷ್ಟು ಬರಬಹುದು ಅಂತ. 3 ಸಿಕ್ಕರೆ ಅದೃಷ್ಟ, 4 ಸಿಕ್ಕರೆ ಕಷ್ಟ ಅಂತ ಎಲ್ಲರೂ ನನ್ನ ಜಾತಕ ಹೇಳಿಬಿಟ್ಟರು. ಪಕ್ಕದಲ್ಲಿದ್ದವನೊಬ್ಬ ಹಿಂದಿಯಲ್ಲಿ, ಬಾಗು ಅಂದಾಗ ಸುಮ್ನೆ ಬಿದ್ದುಬಿಡು ಅಂದ. ಬೇಕೆಂದೇ ಶಕ್ತಿ ಮುಚ್ಚಿಟ್ಟರೆ ಆಟದಿಂದಲೇ ನಿಷೇಧ ಮಾಡುತ್ತಾರೆ, ಅದು ಅವನಿಗೂ ಗೊತ್ತು. ಆದರೆ ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ನೆಟ್ಟಗೆ ಕೂರಲು ನಾನು ಪಟ್ಟ ಪಾಡೆಲ್ಲ ಈ ಒಂದು ಕೋಣೆಯಲ್ಲಿ ಅಡ್ಡಿ ಅನ್ನಿಸಬೇಕಾ?

ಒಳಗೆ ಇಬ್ಬರಿದ್ದರು. ಒಬ್ಬರು ಫಿಸಿಯೋ, ಇನ್ನೊಬ್ಬರು ಆಟ ಬಲ್ಲವರು. ಫಿಸಿಯೋಗೆ ಕನ್ನಡ ಬರುತ್ತಿತ್ತು, ಅಷ್ಟರಮಟ್ಟಿಗೆ ನಿರಾಳ. ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ನೋಡಿದರು. ನಾನು ಕಾಲಿನ ಕತೆ ಶುರು ಮಾಡಿದೆ. "ಕಾಲು ಬಿಡಿ, ಹೊಟ್ಟೆ ಎಷ್ಟು ಕೆಲಸ ಮಾಡುತ್ತೆ, ಅದು ಹೇಳಿ" ಅಂದರು. ಹೇಳಲು ನನಗೆ ಏನೂ ಗೊತ್ತಿರಲಿಲ್ಲ.

ಬೆಂಚಿನ ಮೇಲೆ ಕೂರಿಸಿದರು, ಹಿಂದೆ ಒರಗಲು ಏನೂ ಇಲ್ಲ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಸಿದರು. ಮುಂದೆ ಬಾಗಿ, ಏಳಿ. ಎಡಕ್ಕೆ, ಬಲಕ್ಕೆ. ಈಗ ಹಿಂದೆ ತಿರುಗಿ ಗೋಡೆ ನೋಡಿ. ಭುಜ ಹಿಡಿದು ಮೆಲ್ಲಗೆ ತಳ್ಳಿ, ಎಷ್ಟು ತಡೆಯುತ್ತೇನೆ ಅಂತ ನೋಡಿದರು. ಮುಂದೆ ಬಾಗಿದಾಗ ಒಂದು ಹಂತದವರೆಗೆ ವಾಪಸ್ ಬಂದೆ, ಅದನ್ನು ದಾಟಿದಾಗ ಕೈ ಬಿಚ್ಚಿ ಊರಬೇಕಾಯಿತು. ಕೋನ ಎಷ್ಟು ಅಂತ ಇನ್ನೊಬ್ಬರು ಬರೆದುಕೊಂಡರು. ಆಮೇಲೆ ಮಲಗಿಸಿ, ಅಂಗಿ ಮೇಲೆತ್ತಿ, "ತಲೆ ಮಾತ್ರ ಎತ್ತಿ" ಅಂದರು. ಎತ್ತಿದೆ. ಇಬ್ಬರೂ ಬಗ್ಗಿ ನನ್ನ ಹೊಕ್ಕುಳನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಅದು ಮೆಲ್ಲಗೆ ಎದೆಯ ಕಡೆಗೆ ಜಾರಿತು. ತಲೆ ಇಳಿಸಿದಾಗ ವಾಪಸ್ ಬಂತು. ಮೇಲಿನ ಹೊಟ್ಟೆಯ ಸ್ನಾಯು ಕೆಲಸ ಮಾಡುತ್ತಿದೆ, ಕೆಳಗಿನದು ಇಲ್ಲ, ಹಾಗಾಗಿ ಮೇಲಿನದು ಹೊಕ್ಕುಳನ್ನು ತನ್ನ ಕಡೆ ಎಳೆಯುತ್ತದೆ ಅಂತ ಫಿಸಿಯೋ ವಿವರಿಸಿದರು. ಇಷ್ಟು ದಿನ ನನ್ನದೇ ಮೈಯಲ್ಲಿ ನಡೆಯುತ್ತಿದ್ದದ್ದು, ನಾನು ಒಮ್ಮೆಯೂ ನೋಡಿರಲಿಲ್ಲ. ಇನ್ನೊಂದು ಸಲ ತಲೆ ಎತ್ತಲಾ ಅಂತ ಕೇಳಿ ಮತ್ತೆ ನೋಡಿದೆ.

ಆಮೇಲೆ ನನ್ನದೇ ಗಾಡಿ, ನನ್ನದೇ ಬ್ಯಾಟಿನಲ್ಲಿ ಸ್ವಲ್ಪ ಹೊತ್ತು ಆಡಿಸಿದರು. ಮರುದಿನ ಮೊದಲ ಪಂದ್ಯದಲ್ಲೂ ದೂರ ಕೂತು ನೋಡಿದರು. ಕೋಣೆಯಲ್ಲಿ ಕಾಣದ ಶಕ್ತಿ ಪಂದ್ಯದಲ್ಲಿ ಕಾಣುವುದುಂಟಲ್ವಾ, ಅದಕ್ಕೆ. ಕೊನೆಗೆ ಬಂದದ್ದು 4. ಪಕ್ಕದಲ್ಲಿ ರಿವ್ಯೂ ಅಂತ ಬರೆದಿತ್ತು, ಅಂದರೆ ಮುಂದೆ ಇನ್ನೊಮ್ಮೆ ನೋಡುತ್ತಾರೆ. ಮುಂದಿನ ಸಲವೂ 4 ಅಂತಲೇ ಆಯಿತು.

ಆ ಮೊದಲ ಪಂದ್ಯ. ಎದುರಿನವರು ಪೋಲಿಯೋ ಆದವರು, ನನಗಿಂತ ವಯಸ್ಸಿನಲ್ಲಿ ಹಿರಿಯರು. ಅದೇ 4, ಆದರೆ ಅವರ ಮೈ ಬೇರೆ. ಚಿಕ್ಕಂದಿನಿಂದ ಕೈಯಲ್ಲೇ ಓಡಾಡಿ ಬೆಳೆದ ಭುಜಗಳು, ಅಡಿಯಲ್ಲಿ ಸ್ಪರ್ಶವೂ ಇದೆ. ಸೀಟು ಎಲ್ಲಿದೆ ಅಂತ ಅವರಿಗೆ ಗೊತ್ತಾಗುತ್ತದೆ, ನನಗೆ ಅದು ಅಂದಾಜು. ಮೊದಲ ಗೇಮ್ ಹೋಯಿತು. ಎರಡನೆಯದರಲ್ಲಿ ಅಣ್ಣನ ಪಾಠ ನೆನಪಾಗಿ ಚೆಂಡು ಬಿಟ್ಟು ಅವರನ್ನೇ ನೋಡಿದೆ. ಬಲಕ್ಕೆ ಚೆನ್ನಾಗಿ ಬಾಗುತ್ತಾರೆ, ಎಡಕ್ಕೆ ಬಾಗಿದರೆ ಏಳುವಾಗ ಒಂದು ಸಣ್ಣ ತಡ ಇದೆ. ಎಡಕ್ಕೆ ಎಳೆದು, ಮುಂದಿನದನ್ನು ಬಲಕ್ಕೆ ಉದ್ದ ತಳ್ಳಿದೆ. ಆ ಗೇಮ್ ನನಗೆ ಬಂತು.

ಮೂರನೆಯದರಲ್ಲಿ ಅವರೂ ನನ್ನನ್ನು ಓದಿದರು. 9-9ರಲ್ಲಿ ನೆಟ್ ಪಕ್ಕ ಒಂದು ಡ್ರಾಪ್ ಇಳಿಸಿದರು. ನಾನು ಎಡಗೈಯಲ್ಲಿ ಚಕ್ರ ಹಿಡಿದು ಉದ್ದಕ್ಕೆ ಬಾಗಿ ಚೆಂಡನ್ನು ಆಚೆ ದಾಟಿಸಿದೆ. ವಾಪಸ್ ಏಳಲು ಆಡುವ ಕೈಯನ್ನೇ ಟೇಬಲ್ಲಿಗೆ ಊರಿ ಒತ್ತಿದೆ. ಇದು ನಿಯಮದಲ್ಲಿ ಇರುವುದೇ. ಹೊಡೆದ ಮೇಲೆ ಬ್ಯಾಲೆನ್ಸಿಗಾಗಿ ಆಡುವ ಕೈಯನ್ನು ಊರಬಹುದು, ಇನ್ನೊಂದು ಕೈ ತಾಗುವಂತಿಲ್ಲ, ಮತ್ತು ಟೇಬಲ್ ಅಲುಗಬಾರದು. ಟೇಬಲ್ ಅಲುಗಿತು. ಕೂದಲೆಳೆಯಷ್ಟು, ಆದರೆ ಅಂಪೈರ್ ಕಣ್ಣು ಅಲ್ಲೇ ಇತ್ತು. 10-9 ಅವರಿಗೆ, ಆಮೇಲೆ ಗೇಮ್, ಅದರ ಹಿಂದೆಯೇ ಪಂದ್ಯ. ಕೈ ಕುಲುಕುವಾಗ ಅವರು ಕೇಳಿದ್ದು, ಕುಷನ್ ಯಾವುದು, ಎಲ್ಲಿ ತಗೊಂಡ್ರಿ ಅಂತ.

ಈಗ ಹಾಲಿಗೆ ಹೊಸಬರು ಬಂದರೆ ಕೋಚ್ ಅವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಬಂದವರು ಮೊದಲು ಬ್ಯಾಟಿನ ಬೆಲೆ ಕೇಳುತ್ತಾರೆ. ಬ್ಯಾಟ್ ಆಮೇಲೆ, ಮೊದಲು ಕುಷನ್‌ಗೆ ದುಡ್ಡು ಹಾಕಿ ಅನ್ನುತ್ತೇನೆ. ಬೆಲ್ಟ್ ಹಾಕಿ ಅಭ್ಯಾಸ ಮಾಡಬೇಡಿ, ಬಿಚ್ಚಿದ ದಿನ ಎಲ್ಲ ಹೊಸದಾಗಿ ಕಲಿಯಬೇಕಾಗುತ್ತದೆ. ಕ್ಲಾಸಿಫಿಕೇಶನ್‌ಗೆ ಹೋಗುವಾಗ ನೀವು ಆಡುವ ಗಾಡಿಯಲ್ಲೇ ಹೋಗಿ, ಕಟ್ಟಿಕೊಳ್ಳುವ ಪಟ್ಟಿ, ಬ್ಯಾಂಡೇಜ್ ಏನಿದ್ದರೂ ಜೊತೆಗಿರಲಿ. ಡಿಸ್ಚಾರ್ಜ್ ಸಮ್ಮರಿಯ ಒರಿಜಿನಲ್ ತಗೊಂಡು ಹೋಗಿ. ಸುಲಭವಾಗಿ ಮೇಲೆತ್ತಲು ಬರುವ ಅಂಗಿ ಹಾಕಿಕೊಳ್ಳಿ.